ಬುಂಗಾ ನೋಡಿ ಟೈರ್ ತಗೊಳ್ಳಬೇಡಿ (ಮಲೇಷ್ಯಾದಿಂದ – 34)

ನಮ್ಮ ಎಲೆಕ್ಟ್ರಿಕ್ ಪಿಕಪ್ಪಿನ ಟೈರ್ ಸವೆದಿದೆ, ಹೊಸದು ಹಾಕಿಸಬೇಕು ಅಂತ ಹೋದ ಸಲ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಸಲಹೆ ನನ್ನ ಮದುವೆಯ ಸಮಯದಲ್ಲೂ ಬಂದಿರಲಿಲ್ಲ ಮಾರಾಯ್ರೆ. ಸುಳ್ಯದ ಭಾವ, "ಆಲ್ ಟೆರೇನ್ ಹಾಕಿಸು, ದೊಡ್ಡ ದೊಡ್ಡ ಬಟನ್ ಇರುವುದು, ಒಂದು ಸೈಜ್ ಜಾಸ್ತಿಯದ್ದೇ ಹಾಕು, ಗಾಡಿ ಹುಲಿಯ ಹಾಗೆ ಕಾಣ್ತದೆ" ಅಂದರು. ಪುತ್ತೂರಿನ ಚಿಕ್ಕಪ್ಪ, "ಹತ್ತು ಪ್ಲೈಯದ್ದು ಹಾಕಿದರೆ ಪಂಕ್ಚರ್ ಅಂಗಡಿಯ ದಾರಿಯೇ ಮರೆತುಹೋಗ್ತದೆ" ಅಂದರು. ಬೆಂಗಳೂರಿನ ತಮ್ಮ ಅಮೆರಿಕದವರ ಮೂರು ವಿಡಿಯೋ ಕಳಿಸಿದ. ನನ್ನೊಟ್ಟಿಗೆ ನರ್ಸಿಂಗ್ ಓದಿದ ಗೆಳತಿ, "ಅಲ್ಲಿ ಒಳ್ಳೆ ಸೆಕೆಂಡ್ ಹ್ಯಾಂಡ್ ಸಿಗ್ತದಂತಲ್ಲ, ಸುಮ್ಮನೆ ಯಾಕೆ ಹಣ ಹಾಳು?" ಅಂತ ಕೇಳಿದಳು.

ಎಲ್ಲರಿಗೂ ಒಟ್ಟಿಗೇ ಉತ್ತರ ಕೊಡ್ತೇನೆ. ನಿಮ್ಮ ಪ್ರೀತಿಗೆ ಕೈ ಮುಗಿದೆ. ಸಲಹೆ ಮಾತ್ರ ಒಂದನ್ನೂ ಒಪ್ಪುವುದಿಲ್ಲ.

ಟೈರ್ ಆರಿಸುವಾಗ ಮೊದಲು ನೋಡಬೇಕಾದ್ದು ಗಾಡಿಯ ಭಾರ. ಎರಡನೆಯದು ಒದ್ದೆ ರಸ್ತೆಯಲ್ಲಿ ಅದು ಹಿಡಿಯುತ್ತದೋ ಇಲ್ಲವೋ ಅಂತ. ಮೂರನೆಯದು ಬಾಳಿಕೆ ಮತ್ತು ಚಾರ್ಜಿನ ಖರ್ಚು. ಚಂದ ಎಲ್ಲದಕ್ಕಿಂತ ಕೊನೆಗೆ. ನೀವೆಲ್ಲ ಈ ಪಟ್ಟಿಯನ್ನು ತಲೆಕೆಳಗೆ ಹಿಡಿದುಕೊಂಡಿದ್ದೀರಿ. ನೀವು ಮಾತ್ರ ಅಲ್ಲ, ಇಲ್ಲಿಯ ಟೈರ್ ಅಂಗಡಿಯವರೂ ಹಾಗೆಯೇ. ಹಾಗೆ ಹಿಡಿದದ್ದರ ಬೆಲೆ ಕೊಡುವವರು ಹೆಚ್ಚಾಗಿ ಗಾಡಿಯ ಒಳಗೆ ಕೂತವರಲ್ಲ. ಮುಂದೆ ಮಳೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ಬೈಕಿನಲ್ಲಿ ಹೋಗುವವರು.

ನಮ್ಮೂರಲ್ಲಿ ಟೈರಿನ ಮೇಲ್ಮೈಯ ಗಟ್ಟಿಗಳಿಗೆ ಬಟನ್ ಅಂತೇವೆ. ಮಲಯ ಭಾಷೆಯಲ್ಲಿ ಟೈರಿನ ಆ ವಿನ್ಯಾಸಕ್ಕೆ ಬುಂಗಾ ಅಂತ ಹೆಸರು. ಬುಂಗಾ ಅಂದರೆ ಹೂವು. ಅಂಗಡಿಗೆ ಹೋದ ಕೂಡಲೇ ಹುಡುಗ ಮೊದಲು ತೋರಿಸುವುದೇ ಈ ಹೂವನ್ನು. "ಬುಂಗಾ ನೋಡಿ, ಎಷ್ಟು ದಪ್ಪ ಉಂಟು!" ಹೂವು ನೋಡಿ ಮಲ್ಲಿಗೆ ತಗೊಳ್ಳಬಹುದು, ಟೈರ್ ತಗೊಳ್ಳಲಿಕ್ಕೆ ಆಗುವುದಿಲ್ಲ.

"ನೀನು ನರ್ಸು, ಟೈರಿನ ವಿಷಯ ನಿನಗೆಂತ ಗೊತ್ತು?" ಅಂತ ಕೇಳುವವರು ನಮ್ಮ ಕುಟುಂಬದಲ್ಲಿ ಇದ್ದಾರೆ ಅಂತ ಗೊತ್ತುಂಟು. ಅವರಿಗೆ ಒಂದು ಮಾತು. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಉಂಟಲ್ಲ, ಅದರಲ್ಲಿ ಬೇರೆ ಬೇರೆ ಸೈಜ್ ಇರುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಆಮೇಲೆ ಬೇಡದ ಮಾತ್ರೆ, ಬೇಡದ ಹೆದರಿಕೆ. ಮಷಿನ್ ಎಷ್ಟು ದುಬಾರಿಯದ್ದಾದರೂ ಮೊದಲು ತೋಳಿನ ಸುತ್ತಳತೆ ನೋಡಬೇಕು, ಆಮೇಲೆ ಪಟ್ಟಿ ಆರಿಸಬೇಕು. ಟೈರಿಗೂ ಅದೇ ನ್ಯಾಯ. ಮೊದಲು ಗಾಡಿ ಎಷ್ಟು ತೂಗುತ್ತದೆ ಅಂತ ನೋಡಿ.

ಎಲೆಕ್ಟ್ರಿಕ್ ಪಿಕಪ್ ತೂಗುತ್ತದೆ ಮಾರಾಯ್ರೆ. ಇಲ್ಲಿ ಪಿಕಪ್ ಅಂದರೆ ಇಷ್ಟು ವರ್ಷ ಡೀಸೆಲ್ ಹೈಲಕ್ಸ್. ಚೀನಾದ ರಿದ್ದಾರಾ ಆರ್‌ಡಿ6 ಅನ್ನುವ ಎಲೆಕ್ಟ್ರಿಕ್ ಪಿಕಪ್ ಮಲೇಷ್ಯಾಕ್ಕೆ ಬಂದದ್ದೇ 2024ರ ಕೊನೆಗೆ. ಇಂಥ ಗಾಡಿಗಳಲ್ಲಿ ಬ್ಯಾಟರಿಯೇ ಸುಮಾರು ಅರ್ಧ ಟನ್ ಇರುತ್ತದೆ. ಖಾಲಿ ನಿಂತಾಗಲೇ ಗಾಡಿ ಎರಡು ಟನ್ ದಾಟುತ್ತದೆ, ಜನ ಕೂತು ಹಿಂದೆ ಸಾಮಾನು ತುಂಬಿಸಿದರೆ ಮೂರು ಟನ್ನಿನ ಹತ್ತಿರ. ಸಾಲದ್ದಕ್ಕೆ ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲದಲ್ಲಿ ಎಳೆಯುತ್ತದೆ. ಡೀಸೆಲ್ ಗಾಡಿಯ ಹಾಗೆ ಗೇರ್ ಬದಲಿಸಿ ನಿಧಾನಕ್ಕೆ ಏರುವುದಿಲ್ಲ. ಭಾರ ಮತ್ತು ಎಳೆತ ಎರಡೂ ಸೇರಿ ಟೈರನ್ನು ತಿನ್ನುತ್ತವೆ. ಹಾಗಾಗಿ ಟೈರ್ ಬೇಗ ಸವೆದದ್ದಕ್ಕೆ ಕಂಪೆನಿಯವರನ್ನು ಬೈದು ಪ್ರಯೋಜನ ಇಲ್ಲ. ಗಾಡಿಯ ಸ್ವಭಾವವೇ ಅದು.

ಈಗ ಒಂದು ಲೆಕ್ಕ. ಟೈರಿನ ಪಕ್ಕದಲ್ಲಿ ಸೈಜ್ ಬರೆದ ಮೇಲೆ ಇನ್ನೊಂದು ಅಂಕಿಯೂ ಒಂದು ಅಕ್ಷರವೂ ಇರುತ್ತದೆ. ಉದಾಹರಣೆಗೆ 113 ಟಿ. ಆ ಅಂಕಿ ಕಿಲೋ ಅಲ್ಲ, ಭಾರದ ಸಂಕೇತ. 100 ಅಂದರೆ ಒಂದು ಟೈರ್ 800 ಕಿಲೋ ಹೊರುತ್ತದೆ. 109 ಅಂದರೆ 1030 ಕಿಲೋ, 113 ಅಂದರೆ 1150, 116 ಅಂದರೆ 1250. ಅಕ್ಷರ ವೇಗದ್ದು. ಟಿ ಅಂದರೆ ಗಂಟೆಗೆ 190 ಕಿಲೋಮೀಟರ್.

ಅಂಗಡಿಯವ 100 ಸಂಕೇತದ ಟೈರ್ ತೋರಿಸಿ, "800 ಸಲ ನಾಲ್ಕು, 3200 ಆಯ್ತಲ್ಲ ಕಾಕಾ, ನಿಮ್ಮ ಗಾಡಿ ಮೂರು ಟನ್ನೇ ಅಲ್ವಾ, ಧಾರಾಳ ಸಾಕು" ಅಂತಾನೆ. (ಇಲ್ಲಿ ಅಕ್ಕನಿಗೆ ಕಾಕಾ ಅಂತಾರೆ, ಹೆದರಬೇಡಿ.) ಕೇಳಲಿಕ್ಕೆ ಸರಿ ಅನ್ನಿಸುತ್ತದೆ. ಆದರೆ ಪಿಕಪ್ಪಿನಲ್ಲಿ ಸಾಮಾನು ಕೂರುವುದು ಹಿಂದೆ. ತುಂಬಿದ ಗಾಡಿಯ ಮೂರು ಟನ್ನಿನಲ್ಲಿ 1800 ಕಿಲೋ ಹಿಂದಿನ ಆಕ್ಸಲ್ ಮೇಲೆ ಬಿತ್ತು ಅಂತ ಇಟ್ಟುಕೊಳ್ಳಿ. ಹಿಂದಿನ ಒಂದೊಂದು ಟೈರಿಗೆ 900 ಕಿಲೋ ಆಯಿತು. 800 ಹೊರುವ ಟೈರಿಗೆ 900! ನಿಂತಾಗಲೇ ಹೀಗೆ. ತಿರುವಿನಲ್ಲಿ, ಗುಂಡಿಯಲ್ಲಿ ಇನ್ನೂ ಜಾಸ್ತಿ. ಮಿತಿ ಮೀರಿ ಹೊತ್ತ ಟೈರ್ ಬಿಸಿಯಾಗುತ್ತದೆ, ಒಳಗಿನ ಪದರ ಬಿಡುತ್ತದೆ, ಒಂದು ದಿನ ಹೈವೇಯಲ್ಲಿ ಸಿಡಿಯುತ್ತದೆ. ಆ ಟೈರಿನ ಹೂವು ಆ ದಿನವೂ ಚಂದವೇ ಇರುತ್ತದೆ.

ಹಾಗಾಗಿ ನಿಯಮ ಸರಳ. ಡ್ರೈವರ್ ಬಾಗಿಲು ತೆರೆದರೆ ಕಂಬದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಟೈರಿನ ಸೈಜ್, ಗಾಳಿ ಎಷ್ಟು ಅಂತ ಇರುತ್ತದೆ. ಭಾರದ ಸಂಕೇತ ಅದರಲ್ಲಿ ಇಲ್ಲದಿದ್ದರೆ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಹೊಸ ಟೈರಿನ ಸಂಕೇತ ಅದಕ್ಕಿಂತ ಕಮ್ಮಿ ಇರಬಾರದು. ಜಾಸ್ತಿ ಇದ್ದರೆ ತೊಂದರೆ ಇಲ್ಲ. ಎಲೆಕ್ಟ್ರಿಕ್ ಗಾಡಿಗೆ ಇದರಲ್ಲಿ ರಿಯಾಯಿತಿಯೇ ಇಲ್ಲ.

ಚಿಕ್ಕಪ್ಪ, ನಿಮ್ಮ ಹತ್ತು ಪ್ಲೈಯ ವಿಷಯಕ್ಕೆ ಬರ್ತೇನೆ. ಅದು ಎಲ್‌ಟಿ ಅಂತ ಬರೆದಿರುವ ಲೈಟ್ ಟ್ರಕ್ ಟೈರು. ಕಲ್ಲಿಗೆ ಗಟ್ಟಿ, ಒಪ್ಪಿದೆ. ಆದರೆ ಅದರ ಮೇಲೆ ಬರೆದ ಪೂರ್ತಿ ಭಾರ ಹೊರಬೇಕಾದರೆ ಅದಕ್ಕೆ 80 ಪಿಎಸ್‌ಐವರೆಗೆ ಗಾಳಿ ಬೇಕು. ನಮ್ಮ ಗಾಡಿಯ ಸ್ಟಿಕ್ಕರಿನಲ್ಲಿರುವುದು ಅದರ ಅರ್ಧದಷ್ಟು. ಸ್ಟಿಕ್ಕರಿನ ಲೆಕ್ಕದಲ್ಲಿ ಗಾಳಿ ಹಾಕಿದರೆ ಆ ದಪ್ಪ ಟೈರ್ ನಮ್ಮ ಹಳೆ ಟೈರಿಗಿಂತ ಕಮ್ಮಿ ಭಾರ ಹೊರುತ್ತದೆ. ಪೂರ್ತಿ ಗಾಳಿ ಹಾಕಿದರೆ ಖಾಲಿ ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ, ರಸ್ತೆಗೆ ತಾಗುವ ಜಾಗವೂ ಕಮ್ಮಿಯಾಗುತ್ತದೆ. ದಪ್ಪ ಅಂದ ಕೂಡಲೇ ಬಲ ಅಲ್ಲ.

ಭಾವ, ಇನ್ನು ನಿಮ್ಮ ಹುಲಿ. ಒಂದು ಸೈಜ್ ಜಾಸ್ತಿ ಹಾಕಿದರೆ ಚಕ್ರ ಎತ್ತರ ಆಗ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಕಮ್ಮಿ ವೇಗ ತೋರಿಸುತ್ತದೆ. ನಾವು ನೂರರಲ್ಲಿ ಇದ್ದೇವೆ ಅಂದುಕೊಂಡು ಅದಕ್ಕಿಂತ ಜೋರು ಹೋಗ್ತಾ ಇರುತ್ತೇವೆ. ಇದು ಚಂದಕ್ಕೆ ತೆರುವ ಮೊದಲನೇ ದಂಡ. ಎರಡನೆಯದು ಚಾರ್ಜು. ದೊಡ್ಡ ಗಟ್ಟಿಗಳು ಉರುಳುವಾಗ ಬಾಗುತ್ತವೆ, ಬಾಗಿದಷ್ಟೂ ಬಿಸಿ, ಬಿಸಿಯಾದಷ್ಟೂ ಬ್ಯಾಟರಿ ಖಾಲಿ. ಡೀಸೆಲ್ ಗಾಡಿಯಾದರೆ ಐದು ನಿಮಿಷ ಬಂಕಿನಲ್ಲಿ ನಿಂತರೆ ಮುಗಿಯಿತು. ಇದರಲ್ಲಿ ಕಳೆದುಕೊಂಡ ಪ್ರತಿ ಕಿಲೋಮೀಟರಿಗೂ ಚಾರ್ಜರ್ ಹುಡುಕಿಕೊಂಡು ಹೋಗಬೇಕು. ಮೂರನೆಯದು ಶಬ್ದ. ಡೀಸೆಲ್ ಎಂಜಿನಿನ ಗಲಾಟೆಯಲ್ಲಿ ಟೈರಿನ ಹೂಂಕಾರ ಮುಚ್ಚಿಹೋಗುತ್ತದೆ. ಇಲ್ಲಿ ಎಂಜಿನೇ ಇಲ್ಲ. ಇಡೀ ದಾರಿ ಕಿವಿಯಲ್ಲಿ ಜೇನುಗೂಡು.

ಇದಿಷ್ಟೂ ನಮ್ಮ ಹಣ, ನಮ್ಮ ಕಿವಿ. ಸಹಿಸಿಕೊಳ್ಳಬಹುದು. ನನಗೆ ಸಿಟ್ಟು ಬರುವುದು ಮಳೆಯ ವಿಷಯದಲ್ಲಿ.

ಆಲ್ ಟೆರೇನ್ ಟೈರ್ ಮಾಡಿರುವುದು ಜಲ್ಲಿ, ಮಣ್ಣು, ಕೆಸರು, ಚೂಪು ಕಲ್ಲಿಗಾಗಿ. ಕಲ್ಲಿಗೆ ಹರಿಯದ ಹಾಗೆ ಅದರ ರಬ್ಬರ್ ಸ್ವಲ್ಪ ಗಡಸು. ಗಟ್ಟಿಗಳ ನಡುವೆ ದೊಡ್ಡ ಸಂದಿ ಇರುವುದರಿಂದ ಡಾಂಬರಿಗೆ ತಾಗುವ ರಬ್ಬರ್ ಕಮ್ಮಿ. ಆ ಆಳದ ಸಂದಿಗಳಲ್ಲಿ ನೀರು ಹೊರಗೆ ಹೋಗುತ್ತದೆ ನಿಜ. ಆದರೆ ಜೋರಾಗಿ ಬ್ರೇಕ್ ಒತ್ತಿದಾಗ ಎತ್ತರದ ಗಟ್ಟಿಗಳು ಅಲುಗುತ್ತವೆ, ಗಡಸು ರಬ್ಬರ್ ಒದ್ದೆ ಡಾಂಬರಿನಲ್ಲಿ ಅಷ್ಟು ಕಚ್ಚಿ ಹಿಡಿಯುವುದಿಲ್ಲ. ಅದೇ ಸೈಜಿನ ಒಳ್ಳೆಯ ರಸ್ತೆ ಟೈರಿಗಿಂತ ಸಾಮಾನ್ಯವಾಗಿ ಇದು ನಿಲ್ಲಲಿಕ್ಕೆ ಹೆಚ್ಚು ದೂರ ತಗೊಳ್ಳುತ್ತದೆ. ಎಬಿಎಸ್ ಉಂಟಲ್ಲ ಅಂತ ಹೇಳಬೇಡಿ. ಟೈರಿಗೆ ಎಷ್ಟು ಹಿಡಿತ ಉಂಟೋ ಎಬಿಎಸ್ ಅಷ್ಟನ್ನೇ ಬಳಸಿಕೊಳ್ಳುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ.

ಯುರೋಪಿನಲ್ಲಿ ಹೊಸ ಟೈರಿಗೆ ಒಂದು ಲೇಬಲ್ ಅಂಟಿಸುತ್ತಾರೆ. ಒದ್ದೆ ರಸ್ತೆಯ ಹಿಡಿತಕ್ಕೆ ಎ ಇಂದ ಇ ವರೆಗೆ ದರ್ಜೆ. 80ರ ವೇಗದಲ್ಲಿ ಬ್ರೇಕ್ ಹಾಕಿದರೆ ಮೊದಲ ದರ್ಜೆಗೂ ಕೊನೆಯ ದರ್ಜೆಗೂ ನಿಲ್ಲುವ ದೂರದಲ್ಲಿ ಒಂದು ಬಸ್ಸಿನ ಉದ್ದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಆ ಒಂದು ಬಸ್ಸಿನ ಉದ್ದದಲ್ಲಿ ಯಾರಿದ್ದಾರೆ ಅನ್ನುವುದೇ ನನ್ನ ಪ್ರಶ್ನೆ.

ಇಲ್ಲಿ ಇರುವವರು ಬೈಕಿನವರು. ಮಲೇಷ್ಯಾದಲ್ಲಿ ವರ್ಷಕ್ಕೆ ಆರು ಸಾವಿರಕ್ಕಿಂತ ಹೆಚ್ಚು ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ಸುಮಾರು ಮೂರನೇ ಎರಡು ಪಾಲು ಬೈಕು ಓಡಿಸುವವರು ಮತ್ತು ಹಿಂದೆ ಕೂತವರು. ಕ್ವಾಲಾಲಂಪುರದ ಫೆಡರಲ್ ಹೈವೇ ಪಕ್ಕದಲ್ಲಿ ಬೈಕುಗಳಿಗೇ ಬೇರೆ ಲೇನ್ ಉಂಟು, ಆದರೆ ಎಲ್ಲ ರಸ್ತೆಯಲ್ಲಿ ಇಲ್ಲ. ಮಧ್ಯಾಹ್ನದ ಮೇಲೆ ಗುಡುಗಿ ಮಳೆ ಸುರಿಯುವಾಗ ಎಕ್ಸ್‌ಪ್ರೆಸ್‌ವೇಯ ಸೇತುವೆಗಳ ಕೆಳಗೆ ಸಾಲಾಗಿ ನಿಂತಿರುತ್ತಾರೆ. ಕಾರ್ಖಾನೆ ಕೆಲಸದವರು, ಊಟ ತಲುಪಿಸುವ ಹುಡುಗರು, ಶಿಫ್ಟು ಮುಗಿಸಿ ಮನೆಗೆ ಹೊರಟವರು. ಅಲ್ಲಿ ವೇಗದ ಮಿತಿ 110. ಅಂದರೆ ಒಂದು ಸೆಕೆಂಡಿಗೆ 30 ಮೀಟರ್. ಮೂರು ಟನ್ನಿನ ಗಾಡಿ, ಕೆಸರಿಗೆ ಮಾಡಿದ ಟೈರು, ನೀರು ನಿಂತ ರಸ್ತೆ. ಮೂರನ್ನೂ ಸೇರಿಸಿ ನೋಡಿ. ಆಸ್ಪತ್ರೆಗೆ ಬಂದ ಮೇಲೆ ನಮ್ಮ ಕೈಗೆ ಸಿಗುವುದು ಮುರಿದ ಕಾಲು, ಒಡೆದ ತಲೆ. ಗುದ್ದಿದ ಗಾಡಿಯಲ್ಲಿ ಯಾವ ಟೈರ್ ಇತ್ತು ಅಂತ ಯಾವ ಕೇಸ್ ಶೀಟಿನಲ್ಲೂ ಬರೆಯುವ ಜಾಗ ಇರುವುದಿಲ್ಲ.

ಚಕ್ರ ಅನ್ನುವುದು ಎಷ್ಟು ಜನರ ಜೀವದ ಪ್ರಶ್ನೆ ಅಂತ ಇಲ್ಲಿಯವರಿಗೆ ಗೊತ್ತಿಲ್ಲದ್ದೇನಲ್ಲ. 2024ರ ಡಿಸೆಂಬರ್ 23ರ ರಾತ್ರಿ ಮಲಕ್ಕಾದ ಆಯರ್ ಕೆರೊ ಹತ್ತಿರ ಲಾರಿಯೊಂದರ ಚಕ್ರ ಕಳಚಿ ಎಕ್ಸ್‌ಪ್ರೆಸ್‌ವೇಗೆ ಬಿತ್ತು. ಪ್ರವಾಸಿ ಬಸ್ಸೊಂದು ಅದಕ್ಕೆ ಬಡಿದು ಆಚೆ ಬದಿಗೆ ನುಗ್ಗಿ ಟ್ರೇಲರಿಗೆ ಗುದ್ದಿತು. ಏಳು ಜನ ಸತ್ತರು. ಅದು ಟೈರ್ ಆರಿಸಿದ್ದರ ತಪ್ಪಲ್ಲ, ಬೇರೆ ಕಥೆ. ಆದರೆ ಒಬ್ಬರ ಚಕ್ರದ ಲೆಕ್ಕ ಇನ್ನೊಬ್ಬರು ತೀರಿಸುವುದು ಹೀಗೆಯೇ. ಕೆಲವು ದಿನ ಪೇಪರಿನಲ್ಲಿ ಮಾತಾಡುತ್ತೇವೆ, ಆಮೇಲೆ ಮತ್ತೆ ಬುಂಗಾ ನೋಡಲಿಕ್ಕೆ ಹೋಗುತ್ತೇವೆ.

ತಮ್ಮಾ, ನಿನ್ನ ವಿಡಿಯೋ ಮೂರನ್ನೂ ಪೂರ್ತಿ ನೋಡಿದೆ. ಅವರು ಹೊಗಳುವ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹೂವಿನ ಗುರುತು ಉಂಟಲ್ಲ, ಅದು ಹಿಮದಲ್ಲಿ ಪರೀಕ್ಷೆ ಪಾಸಾದ ಗುರುತು. ಅಮೆರಿಕದವರಿಗೆ ಅದು ಬೇಕು. ಇಲ್ಲಿ ಹಿಮ ಸಿಗುವುದು ಐಸ್ ಕಚಾಂಗ್ ತಟ್ಟೆಯಲ್ಲಿ ಮಾತ್ರ. ಆ ಗುರುತಿಗೂ ಸೇರಿಸಿ ಹಣ ಕೊಡುವುದು ಸೆಕೆಗೆ ಸ್ವೆಟರ್ ಕೊಂಡ ಹಾಗೆ.

"ಹಾಗಾದರೆ ಆಲ್ ಟೆರೇನ್ ಯಾರಿಗೂ ಬೇಡವಾ?" ಅಂತ ಕೇಳಿದರೆ, ಬೇಕು. ಸಾರಾವಾಕಿನ ಬಾರಿಯೊ ಕಡೆಯ ಮರದ ಲಾರಿಯ ಮಣ್ಣುದಾರಿಯಲ್ಲಿ ಹೋಗುವವರಿಗೆ ಬೇಕು. ಕ್ಯಾಮರೂನ್ ಹೈಲ್ಯಾಂಡ್ಸಿನಲ್ಲಿ ಹಳೆ ಲ್ಯಾಂಡ್‌ರೋವರಿನಲ್ಲಿ ಗುಡ್ಡದಿಂದ ತರಕಾರಿ ಇಳಿಸುವ ರೈತರಿಗೆ ಬೇಕು. ನಮ್ಮಲ್ಲಿ ಕೊಡಚಾದ್ರಿ ಹತ್ತುವ ಜೀಪಿನವರಿಗೆ ಬೇಕೇ ಬೇಕು. ಅವರು ಟೈರನ್ನು ದುಡಿಸುತ್ತಾರೆ. ನಮ್ಮ ಗಾಡಿ? ಇವರು ತಾಳೆ ತೋಟಗಳ ಕೆಲಸಕ್ಕೆ ತಗೊಂಡು ಹೋಗುವುದು ನಿಜ. ಆದರೆ ತೋಟದ ಗೇಟಿನವರೆಗೂ ಡಾಂಬರು, ಒಳಗಿನ ಕೆಂಪು ಮಣ್ಣಿನ ದಾರಿಯೂ ರೋಲರ್ ಹೊಡೆದದ್ದು. ವಾರದ ನೂರು ಭಾಗದಲ್ಲಿ ತೊಂಬತ್ತು ಡಾಂಬರಿನಲ್ಲೇ. ಆ ಹತ್ತು ಭಾಗದಲ್ಲಿ ನಾವು ಹೋಗುವುದು ಇಪ್ಪತ್ತರ ವೇಗದಲ್ಲಿ, ಜಾರಿದರೆ ಚರಂಡಿಗೆ ಇಳಿಯುತ್ತೇವೆ, ಟ್ರ್ಯಾಕ್ಟರ್ ಬಂದು ಎಳೆಯುತ್ತದೆ. ತೊಂಬತ್ತು ಭಾಗದಲ್ಲಿ ಹೋಗುವುದು ನೂರರ ವೇಗದಲ್ಲಿ. ಅಲ್ಲಿ ಜಾರಿದರೆ ಎಳೆಯಲಿಕ್ಕೆ ಟ್ರ್ಯಾಕ್ಟರ್ ಸಾಲುವುದಿಲ್ಲ. ಎಲ್ಲಿ ಸಿಕ್ಕಿಬೀಳುತ್ತೇವೆ ಅಂತ ನೋಡಿ ಟೈರ್ ಆರಿಸಬೇಡಿ, ಎಲ್ಲಿ ಸಾಯಬಹುದು, ಸಾಯಿಸಬಹುದು ಅಂತ ನೋಡಿ ಆರಿಸಿ.

ವಾರಕ್ಕೆ ನಾಲ್ಕು ದಿನ ಮಣ್ಣಿನಲ್ಲಿ ಓಡುವವರಿಗೂ ಮಧ್ಯದ ದಾರಿ ಉಂಟು. ಆಲ್ ಟೆರೇನ್ ಅಂದರೆ ಎಲ್ಲ ಒಂದೇ ಅಲ್ಲ. ನಡುವಿನ ಸಾಲು ಒತ್ತಾಗಿದ್ದು, ಗಟ್ಟಿಗಳಲ್ಲಿ ಸಣ್ಣ ಸಣ್ಣ ಸೀಳು ಇರುವ ಸೌಮ್ಯ ಜಾತಿಯದ್ದು ಒದ್ದೆ ರಸ್ತೆಯಲ್ಲಿ ತಕ್ಕಮಟ್ಟಿಗೆ ಹಿಡಿಯುತ್ತದೆ. ಅಂಥದ್ದನ್ನು ಭಾರದ ಸಂಕೇತ ನೋಡಿ ತಗೊಳ್ಳಲಿ. ಕೆಸರಿನ ರೇಸಿಗೆ ಮಾಡಿದ್ದನ್ನು ಹಾಕಿಕೊಂಡು ಮಾಲ್‌ನ ಪಾರ್ಕಿಂಗಿಗೆ ಹೋಗುವವರನ್ನು ಮಾತ್ರ ನಾನು ಬಿಡುವುದಿಲ್ಲ.

ಇನ್ನೊಂದು ಮೋಸ ಈಚಿನದು. "ಇದು ಇವಿ ಟೈರ್, ನಿಮಗೆ ಇದೇ ಬೇಕು" ಅಂತ ಹೇಳಿ ಬೆಲೆ ಏರಿಸುವುದು. ಇವಿ ಅಂತ ಅಚ್ಚು ಹೊಡೆದ ಕೂಡಲೇ ಟೈರ್ ನಮ್ಮ ಗಾಡಿಯದ್ದಾಗುವುದಿಲ್ಲ. ಕೆಲವದರ ಒಳಗೆ ಶಬ್ದ ಹೀರುವ ಫೋಮ್ ಇರುತ್ತದೆ, ಕೆಲವು ಹಗುರವಾಗಿ ಉರುಳುತ್ತವೆ, ಒಳ್ಳೆಯದೇ. ಆದರೆ ಮೊದಲು ಕೇಳಬೇಕಾದ್ದು ಅದೇ ಸಂಕೇತ. ಎಕ್ಸ್‌ಎಲ್ ಅಂತ ಇದ್ದರೆ ಸಾಮಾನ್ಯದ್ದಕ್ಕಿಂತ ಹೆಚ್ಚು ಭಾರ, ಎಚ್‌ಎಲ್ ಅಂತ ಇದ್ದರೆ ಅದಕ್ಕಿಂತಲೂ ಹೆಚ್ಚು. ಸಣ್ಣ ಕಾರಿನ ಇವಿ ಟೈರನ್ನು ಪಿಕಪ್ಪಿಗೆ ಹಾಕಲಿಕ್ಕೆ ಆಗುವುದಿಲ್ಲ, ಇವಿ ಅಂತ ಬರೆಯದ ಒಳ್ಳೆ ಟೈರ್ ಸಂಕೇತ ಸರಿ ಇದ್ದರೆ ಧಾರಾಳ ಆಗುತ್ತದೆ.

ಕೊನೆಗೆ ಸೆಕೆಂಡ್ ಹ್ಯಾಂಡ್. ನನ್ನ ಗೆಳತಿ ನರ್ಸಾಗಿ ಈ ಮಾತು ಹೇಳಿದ್ದಕ್ಕೆ ನನಗೆ ಬೇಜಾರು. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕ್ತೀಯಾ? ಹಳೆ ಟೈರ್ ಯಾವ ಗುಂಡಿಗೆ ಬಿದ್ದಿದೆ, ಎಷ್ಟು ವರ್ಷ ಬಿಸಿಲಿನಲ್ಲಿ ಒಣಗಿದೆ, ಒಳಗೆ ಎಲ್ಲಿ ಪ್ಯಾಚ್ ಉಂಟು ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಬೋಳಾದ ಟೈರಿಗೆ ಇಲ್ಲಿ ತಾಯರ್ ಬೊತಕ್ ಅಂತಾರೆ. ಆ ಬೋಳು ಟೈರಿಗೆ ಬಿಸಿ ಬ್ಲೇಡಿನಲ್ಲಿ ಹೊಸ ಗೀರು ಕೊರೆದು ಮತ್ತೆ ಮಾರುವುದೂ ಉಂಟು, ಅದು ತಾಯರ್ ಪೊತೊಂಗ್. ಇದು ನಮ್ಮೂರ ರಿಸೋಲ್ ಅಲ್ಲ. ರಿಸೋಲಿನಲ್ಲಿ ಹೊಸ ರಬ್ಬರ್ ಸೇರಿಸುತ್ತಾರೆ, ಇದರಲ್ಲಿ ಇದ್ದ ರಬ್ಬರನ್ನೇ ಕೊರೆಯುತ್ತಾರೆ. ಗೀರಿನ ಕೆಳಗೆ ನೂಲು ಮತ್ತು ತಂತಿ ಮಾತ್ರ. ಹೂವು ಮಾತ್ರ ಹೊಸದು!

ಇದನ್ನು ಹಿಡಿಯುವವರು ಯಾರು? ಲಾರಿ, ಬಸ್ಸುಗಳಿಗೆ ಇಲ್ಲಿ ಕಾಲಕಾಲಕ್ಕೆ ತಪಾಸಣೆ ಉಂಟು. ನಮ್ಮ ನಿಮ್ಮ ಖಾಸಗಿ ಕಾರುಗಳಿಗೆ ವರ್ಷ ವರ್ಷ ಅಂಥದ್ದು ಇಲ್ಲ. ನಮ್ಮ ದೇಶದಲ್ಲೂ ಖಾಸಗಿ ಕಾರು ಫಿಟ್‌ನೆಸ್‌ಗೆ ಹೋಗುವುದು ಹದಿನೈದು ವರ್ಷ ಆದ ಮೇಲೆ. ಅಷ್ಟರಲ್ಲಿ ಮೂರು ನಾಲ್ಕು ಸೆಟ್ ಟೈರ್ ಸವೆದು ಹೋಗಿರುತ್ತದೆ, ಒಬ್ಬರೂ ಬಗ್ಗಿ ನೋಡಿರುವುದಿಲ್ಲ. ಸರಕಾರ ನೋಡಲಿ ಅಂತ ನಾನೂ ಹೇಳ್ತೇನೆ, ಜೋರಾಗಿಯೇ ಹೇಳ್ತೇನೆ. ಅವರು ನೋಡುವವರೆಗೆ ನಾವೇ ಬಗ್ಗಬೇಕು.

ನಾವು ಏನು ಮಾಡುವುದು ಅಂತ ತೀರ್ಮಾನ ಆಗಿದೆ. ಗಾಡಿಯೊಟ್ಟಿಗೆ ಬಂದ ಸೈಜೇ, ಭಾರದ ಸಂಕೇತ ಅದೇ ಅಥವಾ ಜಾಸ್ತಿ, ಒದ್ದೆ ರಸ್ತೆಯ ದರ್ಜೆ ಒಳ್ಳೆಯದಿರುವ ರಸ್ತೆ ಟೈರು, ನಾಲ್ಕೂ ಒಟ್ಟಿಗೆ. ಇಲ್ಲಿಯ ಸಿರಿಮ್ ಗುರುತು ಇರಬೇಕು, ನಿಮ್ಮಲ್ಲಾದರೆ ಐಎಸ್‌ಐ. ತಯಾರಾದ ದಿನ ನೋಡಬೇಕು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2225 ಅಂದರೆ 2025ರ 22ನೇ ವಾರ. ಹಾಕಿಸಿದ ಮೇಲೆ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದು ಮುಂದು ಬದಲಿಸಿ ಅಲೈನ್‌ಮೆಂಟ್ ನೋಡಿಸುವುದು, ತಿಂಗಳಿಗೊಮ್ಮೆ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡುವುದು. ನಾಲ್ಕಕ್ಕೆ ಎರಡು ಸಾವಿರ ರಿಂಗಿಟ್ ದಾಟುತ್ತದೆ. ದುಬಾರಿ ಹೌದು. ಆಸ್ಪತ್ರೆಯ ಬಿಲ್ ಕೈಯಲ್ಲಿ ಹಿಡಿದು ನೋಡಿದವರಿಗೆ ದುಬಾರಿ ಅಲ್ಲ.

ಊರಿನವರಿಗೆ ಇದು ದೂರದ ಮಾತು ಅಂತ ಅನ್ನಿಸಬೇಡಿ. ಟಾಟಾ ಏಸ್‌ನ ಎಲೆಕ್ಟ್ರಿಕ್ ಗಾಡಿ 2022ರಲ್ಲೇ ಬಂದಿದೆ. ನಾಳೆ ಅಡಿಕೆ, ರಬ್ಬರ್ ಶೀಟ್ ಹೇರಿಕೊಂಡು ಸಂಪಾಜೆ ಘಾಟಿ ಹತ್ತುವ ಪಿಕಪ್ಪೂ ಎಲೆಕ್ಟ್ರಿಕ್ ಆಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅದೇ ಘಾಟಿಯಲ್ಲಿ ಅದರ ಮುಂದೆ ಸ್ಕೂಟರಿನಲ್ಲಿ ಹೋಗುವುದು ನಮ್ಮದೇ ಮಕ್ಕಳು.

ಒಪ್ಪದವರು ಕೆಳಗೆ ಬರೆಯಿರಿ, ಜಗಳಕ್ಕೆ ನಾನು ತಯಾರು. ಭಾವ, ನೀವು ಖಂಡಿತ ಬರೆಯುತ್ತೀರಿ ಅಂತ ಗೊತ್ತುಂಟು. ಆದರೆ ಬರೆಯುವ ಮೊದಲು ಅಂಗಳಕ್ಕೆ ಇಳಿದು ನಿಮ್ಮ ಗಾಡಿಯ ಬಾಗಿಲಿನ ಸ್ಟಿಕ್ಕರ್ ನೋಡಿ, ಟೈರಿನ ಪಕ್ಕದ ಅಂಕಿ ನೋಡಿ, ತಯಾರಾದ ವರ್ಷ ನೋಡಿ. ಸ್ಟೆಪ್ನಿಯದ್ದೂ ನೋಡಿ. ಆ ಅಂಕಿಗಳನ್ನು ಮೊದಲು ಹಾಕಿ, ಆಮೇಲೆ ಹುಲಿಯ ವಿಷಯ ಮಾತಾಡುವ.